ಹೇಳದೆ ಉಳಿಸಿದ್ದು

ಕವಾಲಾ, ೬ ನವೆಂಬರ್ ೨೦೧೭

ಇವಾಂಥಿಯಾ,

'ಪ್ರೀತಿಯ' ಎಂದು ಬರೆಯಲು ಹೋಗಿ ಕೈ ತಡೆಯಿತು. ಹೆಸರಷ್ಟೇ ಸಾಕು. ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ನಾನು ಬಾಯಿಗೆ ಬಂದದ್ದು ಅಂದುಬಿಡುತ್ತೇನೆ, ಇಲ್ಲವೇ ಅತ್ತುಬಿಡುತ್ತೇನೆ. ಎರಡೂ ನಿನಗೆ ಸಿಗಬಾರದು. ಅದಕ್ಕೇ ಕಾಗದ.

ಹದಿನೈದರ ವಯಸ್ಸಿನಲ್ಲಿ ತಂಬಾಕಿನ ಗೋದಾಮಿನಲ್ಲಿ ಪಕ್ಕಪಕ್ಕ ಕೂತು ಎಲೆ ಆರಿಸಿದವರು ನಾವು. ನೀನು ಓದಿದೆ, ಜನರ ಮನಸ್ಸಿನ ನೋವು ಕೇಳುವ ಕೆಲಸ ಹಿಡಿದೆ. ನಾನು ಮೀನುಗಾರನನ್ನು ಮದುವೆಯಾಗಿ ಎರಡು ಗಂಡು ಹೆತ್ತೆ. ಹೋದ ವರ್ಷ ಫೆಬ್ರವರಿಯಲ್ಲಿ ಗಂಡ ಲಾಂಬ್ರೋಸ್ ದೋಣಿಯಿಂದ ಬಿದ್ದು ಸತ್ತಮೇಲೆ ನನ್ನ ದೊಡ್ಡವನು ಸ್ಟೆರ್ಗಿಯೋಸ್ ನಿದ್ದೆ ಬಿಟ್ಟ, ಮಾತು ಬಿಟ್ಟ, ಗೋಡೆ ನೋಡುತ್ತ ಕೂರುತ್ತಿದ್ದ. ನಿನ್ನ ಬಾಗಿಲಿಗೆ ಬಂದವಳು ನಾನೇ, ಒಪ್ಪಿಕೊಳ್ಳುತ್ತೇನೆ.

"ಗೆಳತಿ ಮಗನನ್ನ ನಾನು ನೋಡೋ ಹಾಗಿಲ್ಲ ಕಣೇ, ನಮ್ಮಲ್ಲಿ ನಿಯಮ ಇದೆ" ಅಂದೆ ನೀನು.

"ಗುರುತಿಲ್ಲದವರ ಹತ್ರ ಅವನು ಸತ್ರೂ ಹೋಗಲ್ಲ. ನೀನಾದ್ರೆ ಚಿಕ್ಕಮ್ಮ ಅಂತ ಬರ್ತಾನೆ" ಅಂದೆ ನಾನು.

ಕೊನೆಗೆ ನೀನು ಒಪ್ಪಿಕೊಂಡೆ. ಎಂಟು ತಿಂಗಳು ಪ್ರತಿ ಗುರುವಾರ ಬಂದ. ಅವನು ನಿನ್ನ ಹತ್ತಿರ ಏನು ಹೇಳುತ್ತಿದ್ದಾನೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಿದೆನಾ? ಕೊನೆಗೆ ಅಕ್ಟೋಬರ್ ಇಪ್ಪತ್ತರ ಶುಕ್ರವಾರ ಬೆಳಗ್ಗೆ ಪೊಲೀಸರು ಬಂದು, ಬಲೆ ಹೊಲಿಯುತ್ತಿದ್ದ ಅವನ ಕೈಗೆ ಕೋಳ ಹಾಕಿದರು. ಇಡೀ ಬಂದರು ನೋಡುತ್ತಿತ್ತು. ಕಾಫಿ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿ ನೋಡಿದ. ಸ್ಟೆರ್ಗಿಯೋಸ್ ಕೇಳಿದ್ದು ಒಂದೇ: "ಯಾರು ಹೇಳಿದ್ದು?" ಆ ಪೊಲೀಸಿನವನು ನಿನ್ನ ಹೆಸರು ಹೇಳಿದ. ನನ್ನ ಮಗ ತಲೆ ತಗ್ಗಿಸಿ ಗಾಡಿ ಹತ್ತಿದ. ಕಳ್ಳನ ಹಾಗೆ. ಈಗ ಮನೋರೋಗ ಆಸ್ಪತ್ರೆಯ ಬೀಗ ಹಾಕಿದ ವಾರ್ಡಿನಲ್ಲಿದ್ದಾನೆ.

ಅವನು ಏನು ಹೇಳಿದ, ಇವಾಂಥಿಯಾ? ನಾಲ್ಕು ಗೋಡೆಯ ಮಧ್ಯೆ ನಂಬಿ ಆಡಿದ ಮಾತನ್ನು ನೀನು ಪೊಲೀಸರಿಗೆ ಕೊಟ್ಟೆ. ಹೆತ್ತವಳಿಗೂ ಕೊಡು.

ಮೆರೋಪಿ

•

ಕವಾಲಾ, ೧೫ ನವೆಂಬರ್ ೨೦೧೭

ಪ್ರೀತಿಯ ಮೆರೋಪಿ,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ, ಪ್ರೀತಿಯ ಎಂದೇ.

ನಿನ್ನ ಕಾಗದ ಬಂದು ಒಂದು ವಾರವಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ಮೂರರಲ್ಲೂ ನಾನು ಹೇಳಬಾರದ್ದು ಸ್ವಲ್ಪ ಸ್ವಲ್ಪ ಸೋರಿಬಿಟ್ಟಿತ್ತು.

ಅವನು ಹೇಳಿದ್ದನ್ನು ನಿನಗೆ ಹೇಳಲಾರೆ. ಸ್ಟೆರ್ಗಿಯೋಸ್ ಮೂವತ್ತೈದು ವರ್ಷದ ಗಂಡಸು, ಅವನ ಮಾತು ಅವನದು. ಜೀವಕ್ಕೆ ಅಪಾಯವಿದೆ ಎಂದು ನನಗೆ ನಿಜವಾಗಿ ಅನ್ನಿಸಿದಾಗ ಮಾತ್ರ ನಾನು ಬಾಯಿ ಬಿಡಬೇಕು, ಅದೂ ಯಾರಿಗೆ ಹೇಳಲೇಬೇಕೋ ಅವರಿಗೆ, ಎಷ್ಟು ಬೇಕೋ ಅಷ್ಟೇ. ಆ ಗುರುವಾರ ಅವನು ಎದ್ದು ಹೋದಮೇಲೆ ಒಂದು ಗಂಟೆ ಹಾಗೆಯೇ ಕೂತಿದ್ದೆ. ಆಮೇಲೆ ಸರ್ಕಾರಿ ವಕೀಲರಿಗೆ ಫೋನ್ ಮಾಡಿದೆ, ಇಂಥದ್ದಕ್ಕೆ ಪೊಲೀಸರನ್ನು ಕಳಿಸುವವರು ಅವರೇ. ಇನ್ನೊಂದು ಫೋನನ್ನೂ ಮಾಡಿದೆ. ಅದರಾಚೆ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಕೋಳ ಹಾಕುತ್ತಾರೆಂದು ಗೊತ್ತಿರಲಿಲ್ಲ. "ನಾನೂ ಬರ್ತೀನಿ, ನಾನೇ ಮಾತಾಡಿ ಕರ್ಕೊಂಡು ಬರ್ತೀನಿ" ಎಂದು ಕೇಳಿದ್ದೆ. "ನಿಮ್ಮ ಕೆಲಸ ಮುಗೀತು ಮೇಡಂ" ಅಂದರು.

ನಿನ್ನ ಸಿಟ್ಟು ನನಗೇ ಇರಲಿ. ಅವನ ಮೇಲೆ ತಿರುಗಿಸಬೇಡ.

ನಿನ್ನ ಇವಾಂಥಿಯಾ

•

ಕವಾಲಾ, ೪ ಡಿಸೆಂಬರ್ ೨೦೧೭

ಇವಾಂಥಿಯಾ,

ಸ್ಟೆರ್ಗಿಯೋಸ್‌ನನ್ನು ಶುಕ್ರವಾರ ಮನೆಗೆ ಕಳಿಸಿದರು. ನಲವತ್ತೆರಡು ದಿನ. ಮಾತ್ರೆ ನುಂಗಿ ಮುಖ ಊದಿಕೊಂಡಿದೆ. ಚಮಚ ಹಿಡಿದರೆ ಕೈ ನಡುಗುತ್ತದೆ, ಸಾರು ಅಂಗಿಯ ಮೇಲೆ ಚೆಲ್ಲುತ್ತದೆ. ನಾನು ನೋಡದ ಹಾಗೆ ಒಲೆಯ ಕಡೆ ತಿರುಗುತ್ತೇನೆ.

ಚಿಕ್ಕವನು ಅರ್ಗಿರಿಸ್ ಇದ್ದಕ್ಕಿದ್ದ ಹಾಗೆ ವೋಲೋಸ್‌ಗೆ ಹೊರಟುಹೋದ. ಅಲ್ಲಿ ಮೀನು ಸಾಕುವ ಕಡೆ ಕೆಲಸ ಸಿಕ್ಕಿತಂತೆ. ಅಣ್ಣ ಮನೆಗೆ ಬರುವ ಹಿಂದಿನ ದಿನವೇ ಚೀಲ ಕಟ್ಟಿದ. ದೋಣಿ ಕಟ್ಟೆಗೆ ಕಟ್ಟಿಯೇ ಇದೆ. ಒಂದು ಮನೆಯನ್ನು ಎರಡು ಫೋನಿನಲ್ಲಿ ಮುಗಿಸಿದೆ ನೀನು.

ನಿಮ್ಮ ಶಿಸ್ತು ಸಮಿತಿಗೆ ದೂರು ಕೊಟ್ಟಿದ್ದೇನೆ. ಗುಟ್ಟು ಬಯಲು ಮಾಡಿದಳು ಎಂದು ವಕೀಲರು ಚೆನ್ನಾಗಿ ಬರೆದುಕೊಟ್ಟರು. ಸಹಿ ಹಾಕುವಾಗ ನನ್ನ ಕೈ ಮಾತ್ರ ನಡುಗಲಿಲ್ಲ.

ಮೆರೋಪಿ ಲಾಂಬ್ರೂ

•

ಕವಾಲಾ, ೨೮ ಜನವರಿ ೨೦೧೮

ಮೆರೋಪಿ,

ಸಮಿತಿಯ ನೋಟೀಸು ಬಂತು. ನಿನ್ನ ವಕೀಲರು ಸ್ಟೆರ್ಗಿಯೋಸ್‌ನ ಕಡತ ಕೇಳಿ ಬರೆದಿದ್ದಾರೆ, ಅದೂ ಬಂತು. ಕಡತ ಅವನದು. ಅವನು ಕೇಳಿದರೆ ಅವನ ಕೈಗೆ ಕೊಡುತ್ತೇನೆ, ತಾಯಿ ಕೇಳಿದರೂ ತಾಯಿಯ ವಕೀಲರು ಕೇಳಿದರೂ ಕೊಡುವ ಹಾಗಿಲ್ಲ.

ನೀನು ದೂರು ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ನೀನು ಬರೆದಿರುವ ತಪ್ಪು ನಾನು ಮಾಡಿದ ತಪ್ಪಲ್ಲ. ಮಾಡಿದ್ದು ಬೇರೆ ಇದೆ. ಅದನ್ನು ನಾನೇ ಸಮಿತಿಯ ಮುಂದೆ ಹೇಳುತ್ತೇನೆ.

ನಿನ್ನೆ ಮೀನು ಮಾರುಕಟ್ಟೆಯಲ್ಲಿ ನೀನು ನನ್ನನ್ನು ಕಂಡು ಆಚೆ ಬದಿಗೆ ಹೋದೆ. ಕಾಲು ಎಳೆಯುತ್ತಿದ್ದೆ. ಮಂಡಿ ಮತ್ತೆ ನೋಯುತ್ತಿದೆಯಾ?

ಇವಾಂಥಿಯಾ

•

ಕವಾಲಾ, ೧೧ ಏಪ್ರಿಲ್ ೨೦೧೮

ಇವಾಂಥಿಯಾ,

ಈಸ್ಟರ್ ಮುಗಿಯಿತು. ಹೇಗೆ ಮುಗಿಯಿತು ಎಂದು ಕೇಳು.

ಮೂವರಿಗೆಂದು ಮೂರು ಮೊಟ್ಟೆಗೆ ಕೆಂಪು ಬಣ್ಣ ಹಾಕಿದೆ. ಅರ್ಗಿರಿಸ್ ಬರಲಿಲ್ಲ. ಫೋನ್ ಮಾಡಿ "ಕೆಲಸ ಇದೆ ಅಮ್ಮ, ರಜ ಕೊಡ್ತಿಲ್ಲ" ಅಂದ. ಈಸ್ಟರ್ ದಿನ ಯಾವ ಮೀನು ರಜ ಕೊಡಲ್ಲ ಅನ್ನುತ್ತದೆ? "ಅಣ್ಣನಿಗೆ ಹುಚ್ಚು ಅಂತ ನಾಚಿಕೆಯೇನೋ ನಿಂಗೆ? ನಾಲಾಯಕ್ಕು!" ಎಂದು ಕೂಗಾಡಿದೆ. ಅವನು ಫೋನ್ ಇಡಲಿಲ್ಲ. ಸುಮ್ಮನೆ ಉಸಿರಾಡುವುದು ಕೇಳುತ್ತಿತ್ತು. ತಿರುಗಿ ನೋಡಿದರೆ ಸ್ಟೆರ್ಗಿಯೋಸ್ ಬಾಗಿಲಲ್ಲಿ ನಿಂತಿದ್ದ. "ಅವನನ್ನ ಬೈಬೇಡ" ಅಂದ. ಮನೆಗೆ ಬಂದ ನಾಲ್ಕು ತಿಂಗಳಲ್ಲಿ ಅವನು ನನಗೆ ಎದುರಾಡಿದ್ದು ಅದೊಂದೇ ಸಲ.

ನಾನು ಮೊಟ್ಟೆ ಹಿಡಿದೆ, ಅವನೊಂದು ಹಿಡಿದ. ಪ್ರತಿ ವರ್ಷದ ಹಾಗೆ ಒಂದಕ್ಕೊಂದು ಕುಟ್ಟಿದೆವು. ಅವನದು ಒಡೆಯಿತು. ಮೂರನೆಯದು ತಟ್ಟೆಯಲ್ಲೇ ಇದೆ.

ನನಗೊಂದು ಉಪಕಾರ ಮಾಡು. ದೂರು ವಾಪಸು ತೆಗೆದುಕೊಳ್ಳುತ್ತೇನೆ. ನೀನು ಒಂದೇ ಸಾಲು ಬರೆದುಕೊಡು: ನಾನು ತಪ್ಪು ತಿಳಿದುಕೊಂಡೆ, ಹುಡುಗ ಹಾಗೇನೂ ಹೇಳಿರಲಿಲ್ಲ ಎಂದು. ಒಂದೇ ಸಾಲು. ಅದನ್ನು ವೋಲೋಸ್‌ಗೆ ಕಳಿಸುತ್ತೇನೆ. ನೀನು ಜೀವನದಲ್ಲಿ ಒಂದು ಸುಳ್ಳೂ ಹೇಳಿಲ್ಲವಾ? ಗೋದಾಮಿನ ಮೇಸ್ತ್ರಿಗೆ ನನಗೋಸ್ಕರ ಎಷ್ಟು ಹೇಳಿಲ್ಲ?

ಬೇಡಿಕೊಳ್ಳುತ್ತಿದ್ದೇನೆ, ಗೊತ್ತಾಗುತ್ತಿದೆಯಲ್ಲ.

ಮೆರೋಪಿ

(ಈ ಕಾಗದಕ್ಕೆ ಇವಾಂಥಿಯಾ ಉತ್ತರ ಬರೆಯಲಿಲ್ಲ.)

•

ಕವಾಲಾ, ೨೧ ಮೇ ೨೦೧೮

ಇವಾಂಥಿಯಾ ಅವರಿಗೆ,

ಚಿಕ್ಕಮ್ಮ ಎಂದು ಬರೆಯಲೋ ಬೇಡವೋ ಗೊತ್ತಾಗಲಿಲ್ಲ, ಅದಕ್ಕೆ ಹೀಗೆ. ಕೈ ಈಗ ಅಷ್ಟು ನಡುಗುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಅಮ್ಮ ನಿಮಗೆ ಬರೆಯುತ್ತಿದ್ದಾಳೆಂದು ಗೊತ್ತು. ಕರಡು ಪ್ರತಿಗಳನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಾಳೆ. ಓದಿದೆ. ನೀವು ಏನನ್ನೂ ಹೇಳಿಲ್ಲ ಎಂದು ಅದರಿಂದ ತಿಳಿಯಿತು. ನೀವು ಎಲ್ಲರಿಗೂ ಹೇಳಿರುತ್ತೀರಿ ಎಂದುಕೊಂಡಿದ್ದೆ.

ಅಮ್ಮ ಅರ್ಗಿರಿಸ್‌ಗೆ ಬೈಯುತ್ತಾಳೆ. ಅವನು ಸುಮ್ಮನೆ ಕೇಳಿಸಿಕೊಳ್ಳುತ್ತಾನೆ. ಅದನ್ನು ನೋಡಲು ನನ್ನಿಂದ ಆಗುತ್ತಿಲ್ಲ. ನಾನೇ ಹೇಳೋಣವೆಂದು ಎರಡು ಸಲ ಅಡುಗೆಮನೆಗೆ ಹೋದೆ. ಒಂದು ಸಲ ಅವಳು ಹಾಡಿಕೊಳ್ಳುತ್ತಿದ್ದಳು. ಇನ್ನೊಂದು ಸಲ ನೀರು ಕುಡಿದು ವಾಪಸು ಬಂದೆ.

ಆದ್ದರಿಂದ, ಸ್ಟೆರ್ಗಿಯೋಸ್ ಲಾಂಬ್ರೂ ಆದ ನಾನು, ಯಾರ ಒತ್ತಾಯವೂ ಇಲ್ಲದೆ, ೧೯ ಅಕ್ಟೋಬರ್ ೨೦೧೭ರ ಗುರುವಾರ ನಿಮ್ಮ ಕೋಣೆಯಲ್ಲಿ ಹೇಳಿದ್ದನ್ನು ನನ್ನ ತಾಯಿಗೆ ಹೇಳಲು ನಿಮಗೆ ಅನುಮತಿ ಕೊಡುತ್ತೇನೆ. ಸಹಿ ಕೆಳಗೆ ಇದೆ. ಇಷ್ಟು ಸಾಕಲ್ಲ?

ನೀವು ಮಾಡಿದ್ದು ಸರಿ ಎಂದು ನಾನು ಹೇಳಲಾರೆ. ತಪ್ಪು ಎಂದೂ ಹೇಳಲಾರೆ. ನೀವು ಸುಮ್ಮನಿದ್ದಿದ್ದರೆ ಆ ಶನಿವಾರ ದೋಣಿಯಲ್ಲಿ ಏನಾಗುತ್ತಿತ್ತೋ ನನಗೇ ಗೊತ್ತಿಲ್ಲ.

ಸ್ಟೆರ್ಗಿಯೋಸ್ ಲಾಂಬ್ರೂ

•

ಕವಾಲಾ, ೨೯ ಮೇ ೨೦೧೮

ಮೆರೋಪಿ,

ಏಪ್ರಿಲ್‌ನಲ್ಲಿ ನೀನು ಕೇಳಿದ ಆ ಒಂದು ಸಾಲಿಗಾಗಿ ನಾನು ಎರಡು ದಿನ ಮೇಜಿನ ಮುಂದೆ ಕೂತಿದ್ದೆ. ಬರೆಯಲಾಗಲಿಲ್ಲ. ಆಗುವುದಿಲ್ಲ ಎಂದು ಬರೆಯಲೂ ಆಗಲಿಲ್ಲ.

ಈಗ ಬೇರೆ ವಿಷಯ. ಸ್ಟೆರ್ಗಿಯೋಸ್ ತಾನಾಗಿಯೇ ನನಗೆ ಅನುಮತಿ ಬರೆದುಕೊಟ್ಟಿದ್ದಾನೆ. ನೀನು ಕೇಳುತ್ತಿದ್ದುದನ್ನು ಈಗ ನಾನು ಹೇಳಬಹುದು.

ಹೇಳಬಹುದು ಎಂದರೆ ಹೇಳಲೇಬೇಕು ಎಂದಲ್ಲ. ಅದು ಕಾಗದದಲ್ಲಿ ಬರೆಯುವ ಮಾತಲ್ಲ. ನಿನಗೆ ಬೇಕು ಎಂದಾದರೆ ಅವನೂ ಇರಲಿ, ಈಗ ಅವನನ್ನು ನೋಡುತ್ತಿರುವ ಸಲಹೆಗಾರರೂ ಇರಲಿ, ಅವರ ಕೋಣೆಯಲ್ಲಿ ಕೂತು ಹೇಳೋಣ. ಬೇಕಾ ಎಂದು ಮಾತ್ರ ಕೇಳುತ್ತಿದ್ದೇನೆ. ಕೇಳಿದ ಮೇಲೆ ಕೇಳದ ಹಾಗೆ ಇರಲು ಆಗುವುದಿಲ್ಲ. ಯೋಚಿಸಿ ಬರೆ. ಅವಸರವಿಲ್ಲ.

ಇವಾಂಥಿಯಾ

•

ಕವಾಲಾ, ೨೪ ಜೂನ್ ೨೦೧೮

ಇವಾಂಥಿಯಾ,

ಬೇಡ. ಹೇಳಬೇಡ.

ನನಗೆ ಗೊತ್ತು. ಆ ಶುಕ್ರವಾರ ಬೆಳಗ್ಗೆಯಿಂದಲೇ ಗೊತ್ತು.

ಪೊಲೀಸರು ಬಂದಾಗ ಕಟ್ಟೆಯ ಮೇಲಿದ್ದವರೆಲ್ಲ ಓಡಿ ಬಂದರು. "ಏನಾಯ್ತು, ಏನ್ ಮಾಡ್ದ?" ಎಂದು ಗುರುತಿಲ್ಲದವರೂ ಕೇಳಿದರು. ಐಸ್ ಮಾರುವವನು ಕೇಳಿದ. ಪ್ರವಾಸಿಗಳೂ ಕೇಳಿದರು. ಏನಾಯಿತು ಎಂದು ಕೇಳದವನು ಒಬ್ಬನೇ, ಅರ್ಗಿರಿಸ್. ದೋಣಿಯೊಳಗೆ ಕೂತಿದ್ದ. ಎದ್ದು ಬರಲಿಲ್ಲ. ಅಣ್ಣನನ್ನು ಕರೆದುಕೊಂಡು ಹೋಗುವಾಗ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ, ಅಷ್ಟೇ. ನಿನ್ನ ಇನ್ನೊಂದು ಫೋನ್ ಹೋದದ್ದು ಅವನಿಗೆ. ನಾನು ಎಣಿಸಿದ್ದು ಎರಡು ಫೋನು, ನೆನಪಿದೆಯಾ? ಕಾಗದದಲ್ಲಿ ಬರೆದೂ ಇದ್ದೆ. ಯಾರಿಗೆ ಎಂದು ಒಮ್ಮೆಯಾದರೂ ಕೇಳಿದೆನಾ?

ಲಾಂಬ್ರೋಸ್ ಬಿದ್ದ ದಿನ ಚುಕ್ಕಾಣಿ ಹಿಡಿದಿದ್ದವನು ಅರ್ಗಿರಿಸ್. ಹಿಂದಿನ ಸಂಜೆ ಕುಡಿದಿದ್ದ ಎಂದು ಯಾರೋ ಸ್ಟೆರ್ಗಿಯೋಸ್‌ನ ಕಿವಿಗೆ ಹಾಕಿದರು. ಅವನು ಅದನ್ನು ಬಾಯಲ್ಲಿ ಆಡಲಿಲ್ಲ, ನುಂಗಿ ನುಂಗಿ ಇಟ್ಟುಕೊಂಡ. ತಮ್ಮನ ತಟ್ಟೆಗೆ ನಾನು ಮೀನು ಹಾಕಿದರೆ ಆ ತಟ್ಟೆಯನ್ನೇ ನೋಡುತ್ತಿದ್ದ. ಹೆತ್ತವಳಿಗೆ ಅದು ಕಾಣಲಿಲ್ಲ ಅಂದುಕೊಂಡೆಯಾ? ಕಂಡೇ ನಿನ್ನ ಹತ್ತಿರ ಕಳಿಸಿದ್ದು. ನಿದ್ದೆಯಿಲ್ಲ ಎಂದು ಹೇಳಿ ಕಳಿಸಿದೆ. ಇನ್ನೊಂದನ್ನು ನಿನ್ನಿಂದ ಮುಚ್ಚಿಟ್ಟೆ. ಅವತ್ತೇ ಹೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ, ಅಲ್ಲವಾ?

ನಾನು ನಿನ್ನನ್ನು ಅಷ್ಟು ಸಲ ಕೇಳಿದ್ದು ನೀನು ಹೇಳುವುದಿಲ್ಲ ಎಂಬ ಧೈರ್ಯದಿಂದ. ನೀನು ಬಾಯಿ ಮುಚ್ಚಿಕೊಂಡಿರುವವರೆಗೆ ತಪ್ಪು ನಿನ್ನದು. ನಿನ್ನನ್ನು ಶಪಿಸಿಕೊಂಡು ಇಬ್ಬರು ಮಕ್ಕಳಿಗೂ ಊಟಕ್ಕೆ ಬಡಿಸಬಹುದು. ನೀನು ಹೇಳಿಬಿಟ್ಟರೆ ನಾನು ಯಾರನ್ನು ಶಪಿಸಲಿ?

ಸ್ಟೆರ್ಗಿಯೋಸ್‌ಗೆ ನಿನ್ನೆ ಹೇಳಿದೆ. "ನಂಗೊತ್ತು ಮಗಾ. ನೀನು ಹೇಳ್ಬೇಕಾಗಿಲ್ಲ" ಅಂದೆ. ಟೊಮ್ಯಾಟೊ ಹೆಚ್ಚುತ್ತಿದ್ದ. ಚಾಕು ಕೆಳಗಿಟ್ಟು ನನ್ನ ಮಡಿಲಲ್ಲಿ ತಲೆ ಇಟ್ಟ. ಅಷ್ಟು ದೊಡ್ಡ ತಲೆ.

ದೂರನ್ನು ವಾಪಸು ತೆಗೆದುಕೊಳ್ಳಲು ಹೋದೆ. ಈಗ ಆಗುವುದಿಲ್ಲ, ವಿಚಾರಣೆ ಗೊತ್ತಾಗಿದೆ ಅಂದರು.

ಮೆರೋಪಿ

•

ಕವಾಲಾ, ೧೭ ಜುಲೈ ೨೦೧೮

ಪ್ರೀತಿಯ ಮೆರೋಪಿ,

ವಿಚಾರಣೆ ಮುಗಿಯಿತು. ಮೂವರು ಕೂತಿದ್ದರು. ಪೊಲೀಸರಿಗೆ ತಿಳಿಸಿದ್ದರಲ್ಲಿ ತಪ್ಪಿಲ್ಲ, ತಿಳಿಸದಿದ್ದರೆ ತಪ್ಪಾಗುತ್ತಿತ್ತು ಅಂದರು. ಹತ್ತು ನಿಮಿಷದಲ್ಲಿ ಮುಗಿಯಬೇಕಿತ್ತು. ಅಧ್ಯಕ್ಷರು ಕನ್ನಡಕ ತೆಗೆದರು. ಆಗ ನಾನು "ಇನ್ನೊಂದಿದೆ" ಅಂದೆ.

ಅದನ್ನು ನಿನಗೂ ಹೇಳಬೇಕು. ಇದು ನನ್ನ ಮಾತು, ಅವನದಲ್ಲ, ಆದ್ದರಿಂದ ಹೇಳಬಹುದು.

ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ಮೊದಲ ದಿನ ನಾನು ಒಂದು ಮಾತು ಹೇಳಲೇಬೇಕು: ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ, ಆದರೆ ಯಾರದಾದರೂ ಜೀವಕ್ಕೆ ಅಪಾಯ ಕಂಡರೆ ಹೊರಗೆ ಹೋಗುತ್ತದೆ. ಅದು ಒಂದು ಹಾಳೆಯಲ್ಲಿ ಅಚ್ಚಾಗಿದೆ. ಮೂವತ್ತು ವರ್ಷ ಎಲ್ಲರಿಗೂ ಓದಿ ಹೇಳಿದ್ದೇನೆ. ಸ್ಟೆರ್ಗಿಯೋಸ್ ಮೊದಲ ದಿನ ಆ ಹಾಳೆ ಹಿಡಿದು ಕೇಳಿದ:

"ಇದನ್ನೆಲ್ಲ ಓದ್ಬೇಕಾ ಚಿಕ್ಕಮ್ಮ?"

"ಬಿಡೋ, ಮನೆಯವರೇ ಅಲ್ವಾ. ಸಹಿ ಹಾಕು" ಅಂದೆ.

ಅವನು ಎಂಟು ತಿಂಗಳು ಚಿಕ್ಕಮ್ಮನ ಹತ್ತಿರ ಮಾತಾಡಿದ. ಕೊನೆಯ ದಿನ ಆ ಮಾತು ಹೇಳಿದ್ದೂ ಚಿಕ್ಕಮ್ಮನಿಗೆ. ಕೇಳಿಸಿಕೊಂಡವಳು ಮಾತ್ರ ಸಲಹೆಗಾರ್ತಿ. ಅವಳೊಬ್ಬಳು ಆ ಕೋಣೆಯಲ್ಲಿದ್ದಾಳೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವನು ಆ ಮಾತನ್ನು ಆಡುತ್ತಿದ್ದನೋ, ಮುಚ್ಚಿಟ್ಟುಕೊಂಡು ಶನಿವಾರ ತಮ್ಮನ ಜೊತೆ ದೋಣಿ ಹತ್ತುತ್ತಿದ್ದನೋ? ನಾನು ನಿಯಮ ಮುರಿದದ್ದರಿಂದಲೇ ಅರ್ಗಿರಿಸ್ ಬದುಕಿದನೋ? ಸಮಿತಿಯಲ್ಲೊಬ್ಬರು ಇದನ್ನೇ ಕೇಳಿದರು. ಇರಬಹುದು ಅಂದೆ. ಅದರಿಂದ ತಪ್ಪು ಸರಿಯಾಗುವುದಿಲ್ಲ ಎಂದೂ ಅಂದೆ.

ಒಂದು ವರ್ಷ ಕೆಲಸ ಮಾಡುವ ಹಾಗಿಲ್ಲ. ಕೋಣೆಯ ಬೀಗದ ಕೈ ಸೋಮವಾರ ಕೊಟ್ಟೆ. ನನಗೆ ಅರವತ್ತೊಂದು, ಮತ್ತೆ ಶುರು ಮಾಡುವುದಿಲ್ಲ. ಬರುತ್ತಿದ್ದ ಹನ್ನೊಂದು ಮಂದಿಯನ್ನು ಒಬ್ಬೊಬ್ಬರನ್ನಾಗಿ ಬೇರೆಯವರಿಗೆ ಒಪ್ಪಿಸಿದೆ. ಒಬ್ಬ ಮುದುಕ ಮಾತ್ರ "ನಾನೇನು ತಪ್ಪು ಮಾಡ್ದೆ?" ಎಂದು ಕೇಳಿದ.

ನೀನು ಮುಚ್ಚಿಟ್ಟದ್ದನ್ನು ಬರೆದೆಯಲ್ಲ, ಓದಿದೆ. ಸಿಟ್ಟಿಲ್ಲ. ನಾನು ಕೇಳಬೇಕಿತ್ತು.

ಇವಾಂಥಿಯಾ

•

ಕವಾಲಾ, ೨೦ ಆಗಸ್ಟ್ ೨೦೧೮

ಪ್ರೀತಿಯ ಇವಾಂಥಿಯಾ,

ಅರ್ಗಿರಿಸ್‌ಗೆ ಮದುವೆ. ಹುಡುಗಿ ವೋಲೋಸ್‌ನವಳು, ಹೆಸರು ಥಾಲಿಯಾ, ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ. ಸೆಪ್ಟೆಂಬರ್ ಒಂಬತ್ತರ ಭಾನುವಾರ. ಕರೆಯೋಲೆ ನನ್ನ ಒಬ್ಬಳ ಹೆಸರಿಗೆ ಬಂದಿದೆ. ಸ್ಟೆರ್ಗಿಯೋಸ್ ಅದನ್ನು ಓದಿ ಗೋಡೆಗೆ ಅಂಟಿಸಿದ. "ಚೆನ್ನಾಗಿ ಅಚ್ಚು ಹಾಕಿಸಿದ್ದಾನೆ" ಅಂದ.

ನಾನು ಹೋಗಬೇಕು. ಎರಡು ದಿನ ಅವನು ಒಬ್ಬನೇ ಇರಬೇಕು, ಅದೂ ಆ ದಿನ. ನನಗೆ ಭಯ. ಈಗ ನೀನು ಅವನ ಸಲಹೆಗಾರ್ತಿಯಲ್ಲ, ಯಾರ ಸಲಹೆಗಾರ್ತಿಯೂ ಅಲ್ಲ. ಯಾವ ನಿಯಮವೂ ಅಡ್ಡ ಬರುವುದಿಲ್ಲ. ಆ ಭಾನುವಾರ ಬಂದು ಅವನ ಜೊತೆ ಇರು. ಮೊಟ್ಟಮೊದಲು ಕೇಳಿದ ಹಾಗೆಯೇ ಕೇಳುತ್ತಿದ್ದೇನೆ.

ಮೆರೋಪಿ

•

ಕವಾಲಾ, ೨೫ ಆಗಸ್ಟ್ ೨೦೧೮

ಪ್ರೀತಿಯ ಮೆರೋಪಿ,

ಬರುವುದಿಲ್ಲ.

ಇದನ್ನು ಬರೆಯುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಾಗಲಿ ಎಂದೇ ಮೊದಲ ಸಾಲಿನಲ್ಲಿ ಬರೆದೆ. ನೀನು ಮೊದಲ ಸಲ ಬಾಗಿಲಿಗೆ ಬಂದಾಗಲೇ ಹೇಳಬೇಕಿದ್ದ ಮಾತು ಇದು. ಕೆಲಸ ಬಿಟ್ಟ ಮಾತ್ರಕ್ಕೆ ಅವನಿಗೆ ನಾನು ಬೇರೆಯವಳಾಗುವುದಿಲ್ಲ. ತಮ್ಮನ ಮದುವೆಯ ದಿನ, ತನ್ನನ್ನು ಪೊಲೀಸರಿಗೆ ಒಪ್ಪಿಸಿದವಳ ಎದುರು ಅವನು ಕಾಫಿ ಕುಡಿಯುತ್ತ ಕೂರಬೇಕೇ? ನನ್ನ ಸಮಾಧಾನಕ್ಕಾಗಿ ಅವನು ನಗಬೇಕಾಗುತ್ತದೆ.

ಈಗ ಅವನನ್ನು ನೋಡುತ್ತಿರುವವರಿಗೆ ಮೊದಲೇ ತಿಳಿಸು. ನಿಮ್ಮ ಭಾವ ಇದ್ದಾರೆ, ಪಕ್ಕದ ಮನೆಯವರಿದ್ದಾರೆ. ಎಲ್ಲಕ್ಕಿಂತ ಮೊದಲು ಅವನನ್ನೇ ಕೇಳು. ನಾವಿಬ್ಬರೂ ಅವನನ್ನು ಕೇಳದೆ ಅವನ ಬಗ್ಗೆ ತೀರ್ಮಾನ ಮಾಡಿದ್ದು ಸಾಕು.

ಇದಕ್ಕಾಗಿ ನೀನು ಮತ್ತೆ ಬರೆಯುವುದನ್ನು ನಿಲ್ಲಿಸಿದರೂ ನಾನು ನಿನ್ನ

ಇವಾಂಥಿಯಾ

•

ಕವಾಲಾ, ೧೪ ಸೆಪ್ಟೆಂಬರ್ ೨೦೧೮

ಇವಾಂಥಿಯಾ,

ನಿನ್ನ ಕಾಗದ ಓದಿ ಒಂದು ವಾರ ನಿನ್ನ ಹೆಸರೆತ್ತಲಿಲ್ಲ. ಆಮೇಲೆ ಅವನನ್ನೇ ಕೇಳಿದೆ. "ಭಾನುವಾರ ನಿನ್ನ ಜೊತೆ ಯಾರಿರಲಿ?"

ಸ್ಟೆರ್ಗಿಯೋಸ್ ಗೋಡೆಯ ಮೇಲಿದ್ದ ಕರೆಯೋಲೆ ನೋಡಿದ. "ದೊಡ್ಡಪ್ಪ ಬರ್ಲಿ. ಅವ್ರಿಗೆ ಕಿವಿ ಕೇಳ್ಸಲ್ಲ, ಮಾತಾಡ್ಬೇಕಾಗಲ್ಲ" ಅಂದ. ನಗು ಬಂತು ನನಗೆ. ಅವನೂ ನಕ್ಕ. ಎಷ್ಟು ದಿನವಾಗಿತ್ತು.

ನನ್ನ ನೀಲಿ ಉಡುಪನ್ನು ಅವನೇ ಇಸ್ತ್ರಿ ಮಾಡಿದ. ಬಸ್ಸಿನವರೆಗೂ ಬಂದ. "ನೀನೂ ಬಾರೋ, ಚರ್ಚಿನ ಹಿಂದೆ ನಿಂತ್ಕೋ, ಯಾರಿಗೂ ಗೊತ್ತಾಗಲ್ಲ" ಅಂದೆ, ತಡೆಯಲಾಗದೆ. ಇಲ್ಲ ಎಂದು ತಲೆಯಾಡಿಸಿದ.

"ನಾನು ಬಂದ್ರೆ ಅವನು ಹಿಂದೆ ತಿರುಗಿ ತಿರುಗಿ ನೋಡ್ತಾನೆ ಅಮ್ಮ. ಮದುವೆ ದಿನ ಅವನು ಹುಡುಗಿ ಕಡೆ ನೋಡ್ಬೇಕು."

ಮದುವೆ ಚೆನ್ನಾಗಿ ಆಯಿತು. ಪಾದ್ರಿ ಇಬ್ಬರ ತಲೆಗೂ ಮದುವೆಯ ಕಿರೀಟ ಇಟ್ಟಾಗ ಹುಡುಗಿಯ ಕಣ್ಣು ತುಂಬಿತು, ಒಳ್ಳೆಯವಳು. ಮದುಮಗನ ಪಕ್ಕ, ಅಣ್ಣ ಬಂದಿದ್ದರೆ ಅವನು ನಿಲ್ಲಬೇಕಿದ್ದ ಜಾಗದಲ್ಲಿ ಕೆಲಸದ ಕಡೆಯ ಯಾರೋ ಗೆಳೆಯ ನಿಂತಿದ್ದ. ನಾನು ಕುಣಿದೆ ಕೂಡ, ಈ ಮಂಡಿ ಇಟ್ಟುಕೊಂಡು.

ಕುಣಿತ ಜೋರಾದಾಗ ಅರ್ಗಿರಿಸ್ ಬಂದು ಪಕ್ಕದಲ್ಲಿ ಕೂತ. ಬೆವರಿದ್ದ. ನನ್ನ ತಟ್ಟೆಯಿಂದ ಒಂದು ಆಲಿವ್ ತೆಗೆದು ಬಾಯಿಗೆ ಹಾಕಿಕೊಂಡ. ಅವರೆಲ್ಲ ಕುಣಿಯುವುದನ್ನೇ ನೋಡುತ್ತ, ನನ್ನ ಮುಖ ನೋಡದೆ ಕೇಳಿದ.

"ಅಣ್ಣ ಊಟ ಮಾಡ್ತಾನಾ?"

ಸುಮಾರು ಒಂದು ವರ್ಷದಲ್ಲಿ ಅವನು ಅಣ್ಣ ಎಂದದ್ದು ಅದೇ ಮೊದಲು.

"ಮಾಡ್ತಾನೆ" ಅಂದೆ.

"ಸರಿ" ಅಂದ. ಎದ್ದು ಹೋಗಿ ಕುಣಿಯುವವರನ್ನು ಸೇರಿಕೊಂಡ.

ಮನೆಗೆ ಬಂದು ಸ್ಟೆರ್ಗಿಯೋಸ್‌ಗೆ ಅದನ್ನು ಹೇಳಿದೆ. ಅವನು ಅಡುಗೆಮನೆಗೆ ಹೋಗಿ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿನಲ್ಲಿ, ಯಾರೂ ಕರೆಯದೆ, ತಟ್ಟೆ ತೆಗೆದುಕೊಂಡು ತಾನೇ ಬಡಿಸಿಕೊಂಡು ಊಟಕ್ಕೆ ಕೂತ.

ಮೆರೋಪಿ